ಪಾಲಾಗದೆ ಉಳಿದ ಫೋಟೊಗಳು

ಮನುಷ್ಯನಿಗೆ ನೆನಪಿಗಿಂತ ದೊಡ್ಡ ಆಸ್ತಿ ಇಲ್ಲ. ಹೊಲ ಕೈಬಿಡಬಹುದು, ಮಾಳಿಗೆ ಕುಸಿಯಬಹುದು, ನೆನಪು ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ. ನಮ್ಮ ಮನೆತನದ ನೆನಪು ಕೆಳಗಿನ ಪಡಸಾಲೆಯಲ್ಲಿ, ತೊಗರಿ ಚೀಲದ ಪಕ್ಕ, ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. ಹೋದ ದಸರೆ ಮುಗಿದ ಮೇಲೆ ಅದು ಯಾರ ಜೊತೆಗೂ ಇರಲೊಲ್ಲೆ ಎಂದು ಕೂತಿತು.

ಆಳಂದದ ಈ ಮನೆಯಲ್ಲಿ ಕೆಳಗೆ ನನ್ನ ತಮ್ಮ, ಮೇಲೆ ನಾವು. ಒಲೆ ಬೇರೆಯಾದಾಗ ಕರಜಗಿಯಿಂದ ಅಕ್ಕ ಬಂದು ನಡುವೆ ಕೂತು ಪಾಲು ಮಾಡಿದ್ದಳು. ಹಂಡೆ ನನಗೆ, ಕೊಪ್ಪರಿಗೆ ಅವನಿಗೆ; ರೊಟ್ಟಿ ಹಂಚಿನವರೆಗೂ ನ್ಯಾಯವಾಗಿ ಹಂಚಿಕೆಯಾಯಿತು. ಫೋಟೊಗಳ ಮುಂದೆ ಮಾತ್ರ ಆಕೆಯ ನ್ಯಾಯವೂ ಸೋತಿತು. ಪ್ರತಿಯೊಂದರಲ್ಲೂ ಇಬ್ಬರೂ ಹೆಗಲ ಮೇಲೆ ಕೈ ಹಾಕಿ ನಿಂತಿದ್ದೆವು. ಹಾಗಾಗಿ ಅವು ಕೂಡಿಯೇ ಉಳಿದವು.

ಆ ಕಂಪ್ಯೂಟರಿನ ಪರದೆ ಕೆಟ್ಟು ಬಹಳ ಕಾಲವಾಗಿದೆ. ಕಣ್ಣು ಹೋದರೂ ನೆನಪು ಗಟ್ಟಿಯಿರುವ ಹಿರಿಯರಂತೆ ಅದೂ ಮೂಲೆ ಹಿಡಿದಿತ್ತು. ಅದರ ಬೆನ್ನಿನಿಂದ ಹೊರಟ ಒಂದು ವಾಯರು ಗೋಡೆಯ ತೂತಿನಲ್ಲಿ ಹಾದು, ಮೆಟ್ಟಿಲ ಬದಿಯ ಗೂಡಿನಲ್ಲಿದ್ದ ನಮ್ಮ ಇಂಟರ್ನೆಟ್ ಡಬ್ಬಿಗೆ ಸೇರುತ್ತಿತ್ತು. ಅದರ ಮೂಲಕ ಮೇಲಿನ ನಮ್ಮ ಲ್ಯಾಪ್‌ಟಾಪಿನಲ್ಲಿ ಫೋಟೊಗಳು ತೆರೆದುಕೊಳ್ಳುತ್ತಿದ್ದವು. ನೋಡುವ ಮನಸ್ಸಾದರೆ ತಮ್ಮನ ಮನೆಯವರೂ ಮೇಲೆ ಬರುತ್ತಿದ್ದರು, ಬಂದಾಗ ಚಹಾ ಆಗುತ್ತಿತ್ತು. ಈಚೆಗೆ ತಮ್ಮ ಬೇರೆ ಇಂಟರ್ನೆಟ್ ಹಾಕಿಸಿಕೊಂಡು, ತನ್ನ ಡಬ್ಬಿಯನ್ನೂ ಅದೇ ಗೂಡಿನಲ್ಲಿ ಇಟ್ಟಿದ್ದ. ಎರಡೂ ಬಿಳಿ, ಎರಡಕ್ಕೂ ಎರಡೆರಡು ಕೋಡು.

ದಸರೆಗೆ ಬಂದಿದ್ದ ಅಕ್ಕ ಮರುದಿನ ಬೆಳಿಗ್ಗೆ ಊರಿಗೆ ಹೊರಡುವವಳಿದ್ದಳು. ಆಕೆಯ ಗಂಡ, ನಾವು ಮಾಮಾ ಎನ್ನುತ್ತಿದ್ದವರು, ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷದ ಸ್ಮರಣೆಗೆ ಕರಜಗಿಯ ಪಡಸಾಲೆಯಲ್ಲಿ ದೊಡ್ಡ ಫೋಟೊ ಇಡಬೇಕು. ದಾರಿಯಲ್ಲಿ ಅಫಜಲಪುರದಲ್ಲಿ ಇಳಿದು ಕಟ್ಟು ಹಾಕಿಸಲು ಕೊಡಬೇಕು. ಆಕೆಯ ಬಳಿ ಇದ್ದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ಮಾಮಾ ಯಾರದೋ ಎಮ್ಮೆ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ.

"ಬಂದ ಮಂದಿ ಇದಕ್ಕ ಹೂವು ಏರಸ್ತಾರೋ, ಜಾಮೀನು ಕೊಡ್ತಾರೋ?" ಅಂದಳು ಅಕ್ಕ. "ಎಳ್ಳಮಾಸಿಗೆ ನಿಮ್ಮ ಹೊಲದಾಗ ನಕ್ಕಿದ್ರಲ್ಲೋ, ಅದು ತಗಿ. ಅವರು ನಕ್ಕಿದ್ದು ಅದೊಂದೇ ಫೋಟೊದಾಗ."

ತೆಗೆಯಲು ಕೂತೆ. ಆ ಹೆಸರಿನ ಕಂಪ್ಯೂಟರು ಸಿಗುತ್ತಿಲ್ಲ, ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ ಎಂದು ಲ್ಯಾಪ್‌ಟಾಪು ತಿಳಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ತಾಲೂಕು ಕಚೇರಿಯ ಕುರ್ಚಿ ಸವೆಸಿದ ನಾನು ಇದೇ ಉತ್ತರವನ್ನು ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಎಂಬುದು ಆಗ ತಿಳಿಯಿತು.

ಇಂಟರ್ನೆಟ್ ನಡೆಯುತ್ತಿತ್ತು. ಫೋನು ನಡೆಯುತ್ತಿತ್ತು. ಫೋಟೊ ಮಾತ್ರ ಇಲ್ಲ.

ನನ್ನ ಹೆಂಡತಿ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು. "ರೀ, ಕೆಳಗಿನವರು ಕೀಲಿ ಹಾಕ್ಯಾರೇನ್ರಿ?"

"ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂದು ಹೋಗ್ಯಾನ. ಆ ಎಲಿ ಇನ್ನಾ ಒಣಗಿಲ್ಲ."

"ಎಲಿ ಒಣಗಾಕ ಎಷ್ಟೊತ್ತು ಬೇಕ್ರಿ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಪಾಲು ಮಾಡಿದ ದಿನವೂ ಹಾಗೇ ಸುತ್ತಿದ್ದಳು. ಫೋಟೊ ಸಿಗದಿದ್ದರೆ ಆಕೆ ಕಳೆದುಕೊಳ್ಳುವುದು ಫೋಟೊ ಒಂದನ್ನೇ ಅಲ್ಲ ಎಂದು ನನಗೆ ಗೊತ್ತಾಯಿತು.

ಮೆಟ್ಟಿಲ ಬಾಯಿಗೆ ನಿಂತು ತಮ್ಮನನ್ನು ಕೂಗಿದೆ. "ಫೋಟೊದ ಕಂಪ್ಯೂಟರಿಗೆ ಏನರ ಮಾಡೀಯೇನೋ?"

"ನಾನ? ಅದರ ಧೂಳಾ ಸೈತ ಮುಟ್ಟಿಲ್ಲಣ್ಣಾ. ನೀನಾ ಏನೋ ಒತ್ತಿರಬೇಕು. ನಿನ್ನ ಕೈಗುಣ ನಮಗ ಗೊತ್ತಿಲ್ಲೇನು?"

ಹೀಗೆ ಉಭಯಪಕ್ಷಗಳ ಹೇಳಿಕೆ ದಾಖಲಾದ ಮೇಲೆ, ಯಂತ್ರಗಳ ಬಗ್ಗೆ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಪ್ರಯೋಗಿಸಲು ತೀರ್ಮಾನಿಸಿದೆ. ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ಕಂಪ್ಯೂಟರಿನ ಬೆನ್ನಿನಲ್ಲಿ ವಾಯರು ಕೂಡುವ ಕಡೆ ಒಂದು ಸಣ್ಣ ಹಸಿರು ದೀಪವಿದೆ. ಡಬ್ಬಿಗೆ ಕರೆಂಟು ಹೋದರೆ ಅದೂ ಆರಬೇಕು. ತಮ್ಮನನ್ನು ಅದರ ಮುಂದೆ ಕೂಡಿಸಿ, ಗೂಡಿಗೆ ಹೋಗಿ ನಮ್ಮ ಡಬ್ಬಿಯ ಬಟನ್ ಆರಿಸಿದೆ.

"ಆರ್ತೇನೋ?"

"ಇಲ್ಲಣ್ಣಾ, ಉರಿಯಾಕತ್ತದ."

"ಬರೋಬ್ಬರಿ ನೋಡೋ."

"ನೋಡಾಕತ್ತೇನಿ. ಅದು ನನ್ನ ನೋಡಿ ಕಣ್ಣು ಹೊಡಿಯಾಕತ್ತದ."

ನಮ್ಮ ಡಬ್ಬಿ ಸತ್ತು ಬಿದ್ದಿತ್ತು. ಆದರೂ ಕಂಪ್ಯೂಟರು ಯಾರದೋ ಅನ್ನ ಉಣ್ಣುತ್ತಿತ್ತು. ಕನ್ನಡಕ ಸರಿಮಾಡಿಕೊಂಡು ಗೂಡಿನಲ್ಲಿ ಬಗ್ಗಿದೆ. ಎರಡೂ ಡಬ್ಬಿಗಳ ಹಣೆಯ ಮೇಲೆ ಮೂರು ಎಳೆ ವಿಭೂತಿ, ನೆತ್ತಿಯ ಮೇಲೆ ಬಾಡಿದ ಚೆಂಡುಹೂವು. ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಕುಡಗೋಲು, ತಕ್ಕಡಿ, ಕತ್ತರಿಗಳ ಸಾಲಿನಲ್ಲಿ ಅವೂ ದೇವರ ಮುಂದೆ ಕೂತು ಬಂದಿದ್ದವು. ಗೋಡೆಯ ತೂತಿನಿಂದ ಬಂದ ವಾಯರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ. ಅದು ನಮ್ಮ ಡಬ್ಬಿಯನ್ನು ದಾಟಿ, ತಮ್ಮನ ಡಬ್ಬಿಯೊಳಗೆ ಹೋಗಿ ಕೂತಿತ್ತು.

ಕಂಪ್ಯೂಟರು ಒಂದು ಓಣಿಯಲ್ಲಿ, ನಮ್ಮ ಲ್ಯಾಪ್‌ಟಾಪು ಇನ್ನೊಂದು ಓಣಿಯಲ್ಲಿ. ಒಂದೇ ಗೂಡಿನಲ್ಲಿದ್ದರೂ ಆ ಎರಡು ಡಬ್ಬಿಗಳ ನಡುವೆ ಹಾದಿ ಇರಲಿಲ್ಲ.

"ಇದನ್ನ ಇಲ್ಲಿಗೆ ಯಾರು ಹಾಕಿದ್ರು?" ಎಂದೆ. ತಮ್ಮ ಮೇಲೆ ಬಂದ, ನನ್ನ ಹೆಂಡತಿ ಕೆಳಗೆ ಇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕ ಹಿಂದಿನಿಂದ ಬಂದಳು.

"ನಾನಾ ಹಾಕೇನಿ."

ನಿಜ, ಪೂಜೆ ಮಾಡಿದವಳು ಅವಳೇ. ಗಂಡ ಹೋದ ಮೇಲಿನ ಮೊದಲ ದಸರೆ ಎಂದು ಹಿಂದೆ ಸರಿದವಳ ಕೈಗೆ, "ಶರಣರ ಮನಿಯೊಳಗ ಅಂಥಾದ್ದೇನಿಲ್ಲಕ್ಕಾ" ಎಂದು ತಮ್ಮನೇ ವಿಭೂತಿ ಗಟ್ಟಿ ಇಟ್ಟಿದ್ದ. ಡಬ್ಬಿಗಳನ್ನು ಒರೆಸಲು ಬಿಚ್ಚಿದವಳೂ, ಮರಳಿ ಜೋಡಿಸಿದವಳೂ ಅವಳೇ.

"ಈ ಹಗ್ಗ ಇವನ ಪಡಸಾಲಿಯಿಂದ ಬಂದದ, ಇವನ ಡಬ್ಬಿಗೇ ಹೋಗಬೇಕಲ್ಲೋ? ಒಬ್ಬರದು ಇನ್ನೊಬ್ಬರ ಮನಿಯೊಳಗ ಇರಬಾರದು ಅಂತ ತಿದ್ದಿ ಹಾಕೇನಿ. ಮೊದಲ ನೀವಾ ತಪ್ಪು ಹಾಕೀರಿ ಅಂದುಕೊಂಡೆ."

ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದ. "ಅಕ್ಕಾ, ಪಾಲು ಮಾಡೂದು ನಿನಗ ಚಟಾ ಆಗ್ಯಾದ ನೋಡು."

"ಅಂದ್ರ ಕೀಲಿ ಯಾರೂ ಹಾಕಿಲ್ಲಲಾ?" ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಕೀಲಿನಾ? ಯಾರಂದ್ರು?" ಎಂದ ತಮ್ಮ.

ನನ್ನ ಹೆಂಡತಿ ಆ ಕ್ಷಣದಲ್ಲೇ ಚಹಾಕ್ಕೆ ನೀರಿಡಲು ಹೋದಳು. ಹೋಗುವ ಅವಸರ ನೋಡಿದರೆ ನೀರು ಮೊದಲೇ ಕುದಿಯುತ್ತಿರಬೇಕು ಅನ್ನಿಸಿತು.

ವಾಯರು ಕಿತ್ತು ನಮ್ಮ ಡಬ್ಬಿಗೆ ಚುಚ್ಚಿದೆ. ಟಕ್ ಎಂದಿತು. ಆರಿಸಿದ್ದ ಬಟನ್ ಮತ್ತೆ ಹಾಕಿದೆ. ಮೇಲೆ ಹೋಗಿ ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಎಳ್ಳಮಾವಾಸ್ಯೆಯ ಫೋಟೊ ಸಿಕ್ಕಿತು. ಹೊಲದಲ್ಲಿ ಬಿಳಿಜೋಳದ ಬೆಳೆಯ ಮುಂದೆ ಮಾಮಾ, ತಲೆಗೆ ಟವೆಲ್ಲು, ಕೈಯಲ್ಲಿ ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಬಟ್ಟಲು, ಬಾಯಿ ತುಂಬ ರೊಟ್ಟಿ. ಕಣ್ಣು ಮುಚ್ಚಿ ನಗುತ್ತಿದ್ದಾರೆ. ಎರಡೂ ಬದಿಗೆ ನಾವಿಬ್ಬರು.

ಅಕ್ಕ ಬಹಳ ಹೊತ್ತು ನೋಡಿದಳು. ಸೆರಗು ಬೆರಳಿನಿಂದ ಬಿಚ್ಚಿಕೊಂಡಿತ್ತು.

"ನಮ್ಮಿಬ್ಬರನ್ನ ಕತ್ತರಿಸಿ ತಗೀಲೇನಕ್ಕಾ? ಮಾಮಾ ಅಷ್ಟೇ ಇರ್ಲಿ," ಎಂದೆ.

"ಬ್ಯಾಡ. ಇರ್ಲಿ ಬಿಡ್ರಿ. ಆ ಕಡಿ ಈ ಕಡಿ ಹಿಡಕೊಂಡು ನಿಂತೀರಿ."

ಅಕ್ಕ ಫೋಟೊಕ್ಕೆ ಅಫಜಲಪುರದಲ್ಲಿ ಕಟ್ಟು ಹಾಕಿಸಿದಳು. ಅದು ಈಗ ಕರಜಗಿಯ ಪಡಸಾಲೆಯಲ್ಲಿದೆ. ವಾಯರು ನಮ್ಮ ಡಬ್ಬಿಯಲ್ಲಿದೆ.