ಬಚ್ಚಲ ಕಿಟಕಿಯ ನಟ್ಟು

ಆಯುಧಪೂಜೆಯ ದಿನ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಈಳಿಗೆಮಣೆಗೂ ರಜ. ಅಮ್ಮ ಬೆಳಿಗ್ಗೆಯೇ ತರಕಾರಿ ಹೆಚ್ಚಿ ಮುಗಿಸಿ, ಈಳಿಗೆಮಣೆ, ಕತ್ತರಿ, ಅಪ್ಪನ ಸ್ಪ್ಯಾನರು, ಸುತ್ತಿಗೆ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು ದೇವರ ಮುಂದೆ ಸಾಲಾಗಿ ಮಲಗಿಸುತ್ತಿದ್ದಳು. ಮಾರನೆಯ ದಿನ ಮತ್ತೆ ಪೂಜೆ ಆಗುವವರೆಗೆ ಯಾರೂ ಅವನ್ನು ಮುಟ್ಟಕೂಡದು. ಅಪ್ಪ ಸ್ಕೂಟರ್ ಗ್ಯಾರೇಜು ನಡೆಸಿ, ವಯಸ್ಸಾದ ಮೇಲೆ ಮುಚ್ಚಿದವರು. ಒಮ್ಮೆ ಕಾಫಿಪುಡಿ ಡಬ್ಬಿಯ ಮುಚ್ಚಳ ಬಿಚ್ಚಲು ಅವರು ಪೂಜೆಗಿಟ್ಟ ಸ್ಕ್ರೂಡ್ರೈವರ್ ಎತ್ತಿದ್ದಕ್ಕೆ ಅಮ್ಮ ಅವತ್ತು ಊಟವನ್ನೇ ಮಾಡಿರಲಿಲ್ಲ.

ಹೋದ ವರ್ಷ ಅದೇ ದಿನ, ಊಟವಾದ ಮೇಲೆ ಕಾಲು ತೊಳೆಯಲು ಬಚ್ಚಲಿಗೆ ಹೋದ ಅಮ್ಮ ಧಡ್ಡೆಂದು ಬಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ನಾನು ಹಿಂದೆಮುಂದೆ ನೋಡದೆ ಓಡಿಹೋಗಿ ಭುಜದಿಂದ ಗುದ್ದಿದೆ. ಚಿಲಕವೇನೋ ಕಿತ್ತು ಬಂತು. ಬಾಗಿಲು ಮಾತ್ರ ಬೆರಳಗಲ ಸರಿದು, ಅಡ್ಡ ಬಿದ್ದಿದ್ದ ಅಮ್ಮನಿಗೆ ತಾಗಿ ನಿಂತಿತು.

"ತಳ್ಳಬೇಡ್ವೇ! ಸೊಂಟ ಹೋಯ್ತು, ಅಯ್ಯೋ, ತಳ್ಳಬೇಡ!"

ಆ ಕಿರುಚಾಟ ಕೇಳಿ ಬಾಗಿಲಿನಿಂದ ಕೈ ತೆಗೆದೆ. ಸಂದಿಯಲ್ಲಿ ನೋಡಿದರೆ ಅವಳ ತಲೆಯ ಕೆಳಗೆ ನೀರು ಕೆಂಪಾಗಿತ್ತು. ಅಪ್ಪ ಆಂಬುಲೆನ್ಸಿಗೆ ಫೋನ್ ಮಾಡಿದರು. ರಸ್ತೆಯ ತುಂಬ ಹೂವಿನ ಹಾರದ ಗಾಡಿಗಳು, ಒಡೆದ ಬೂದುಗುಂಬಳ, ಬರುವುದು ತಡವಾಗುತ್ತದೆ ಎಂದರಂತೆ. ಉಳಿದದ್ದು ಕಿಟಕಿ ಒಂದೇ. ಅದರ ಗ್ರಿಲ್ಲನ್ನು ಅಪ್ಪನೇ ಹಿಂದೆ ಹೊರಗಡೆಯಿಂದ ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದರು.

ನಾನು ದೇವರ ಮುಂದಿನ ಹೂವನ್ನೆಲ್ಲ ಚೆಲ್ಲಾಡಿ ಸ್ಪ್ಯಾನರ್, ಸುತ್ತಿಗೆ ಎತ್ತಿಕೊಂಡೆ. ಆ ಸದ್ದು ಅಮ್ಮನಿಗೆ ಕೇಳಿಬಿಟ್ಟಿತು.

"ಸ್ಪ್ಯಾನರ್ ಮುಟ್ಟಿದ್ಯಾ? ನಾಳೆ ತನಕ ಮುಟ್ಟಬಾರ್ದು ಅಂತ ಗೊತ್ತಿಲ್ವೇನೇ?"

"ನಾಳೆ ತನಕ ನೀನು ಅಲ್ಲೇ ಬಿದ್ದಿರ್ತೀಯಾ?"

"ಬಿದ್ದಿರ್ತೀನಿ, ಹೋಗು!"

ಮನೆ ಪಕ್ಕದ ಓಣಿಗೆ ಓಡಿ, ಹೊರಗಿನಿಂದ ಕಿಟಕಿಗೆ ಸ್ಪ್ಯಾನರ್ ಹಾಕಿದೆ. ಮೇಲಿನ ಎರಡು ನಟ್ಟು ತಕರಾರಿಲ್ಲದೆ ಬಂದವು. ಕೆಳಗಿನ ಎರಡು ವರ್ಷಗಟ್ಟಲೆ ಬಚ್ಚಲ ನೀರು ಕುಡಿದು ತುಕ್ಕು ಹಿಡಿದಿದ್ದವು. ಅದರ ಮೇಲೆ ಅಮ್ಮನ ಪೇಂಟು ಬೇರೆ. ದಸರಾ ಗೊಂಬೆ ನೋಡಲು ಬರುವವರು ಆ ಓಣಿಯಲ್ಲೇ ಹಾದುಬರಬೇಕು, ಗ್ರಿಲ್ ಹಳೆಯದಾಗಿ ಕಂಡರೆ ಮಾನ ಹೋಗುತ್ತದೆಂದು ಪ್ರತಿ ನವರಾತ್ರಿಗೂ ನಟ್ಟು, ಬೋಲ್ಟು ಎಲ್ಲ ಸೇರಿಸಿ ಬೆಳ್ಳಿ ಬಣ್ಣ ಬಳಿಯುತ್ತಿದ್ದಳು. ನಾನು ಹಿಡಿ ಉದ್ದವಾಗಲೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಜಗ್ಗಿದೆ. ಬಲಗಡೆಯ ನಟ್ಟಿನ ಮೂಲೆಗಳೆಲ್ಲ ಸವೆದು ಸ್ಪ್ಯಾನರ್ ಜಾರಿತು. ಬೆರಳ ಗೆಣ್ಣು ಗೋಡೆಗೆ ಬಡಿದು ಚರ್ಮ ಸುಲಿಯಿತು. ಅಪ್ಪ ನನ್ನ ಕೆನ್ನೆಗೆ ಬಾರಿಸಿದರು.

"ಕತ್ತೆ! ಇನ್ನೊಂದೂ ಹಿಂಗೇ ಉಂಡೆ ಆದ್ರೆ ನಿಮ್ಮಮ್ಮನ್ನ ಹೆಂಗೆ ತೆಗಿಯೋದು?"

ಇನ್ನೊಂದು ಸಡಿಲವಾದರೆ ಸಾಕು, ಗ್ರಿಲ್ಲನ್ನು ಪಕ್ಕಕ್ಕೆ ತಿರುಗಿಸಬಹುದಿತ್ತು. ಅದೂ ಹೋದರೆ ದಾರಿಯೇ ಇಲ್ಲ. ಅಪ್ಪ ಚಾಕುವಿನಿಂದ ಪೇಂಟು ಕೆರೆದು, ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದರು. ಎಣ್ಣೆ ಆಯುಧವಲ್ಲವಾದ್ದರಿಂದ ಆ ಡಬ್ಬಿ ಪೂಜೆಗೆ ಕೂತಿರಲಿಲ್ಲ. ಆಮೇಲೆ ಸುತ್ತಿಗೆಯಿಂದ ನಟ್ಟಿನ ಸುತ್ತ ತಟ್ಟಿದರು, ಮತ್ತೆ ಎಣ್ಣೆ ಹೊಡೆದರು. ನಾನು ಸ್ಪ್ಯಾನರ್ ಹಿಡಿದು ಮುಂದೆ ಹೋದರೆ ಅಂಗೈಯಿಂದ ನಟ್ಟನ್ನು ಮುಚ್ಚಿ ನಿಂತರು.

"ಎಣ್ಣೆ ಒಳಗಿಳೀಬೇಕು. ಕಾಯಿ."

ಕಾಯಬೇಕಂತೆ! ಒಳಗೆ ತಾಯಿ ರಕ್ತ ಸುರಿಸಿಕೊಂಡು ಬಿದ್ದಿದ್ದಾಳೆ, ಇವರಿಗೆ ಎಣ್ಣೆ ಇಳಿಯಬೇಕಂತೆ. ಅವರ ಕೈ ಮೇಲೇ ಸುತ್ತಿಗೆ ಬೀಸೋಣ ಅನ್ನಿಸಿತು. ಆಗ ಅಮ್ಮನ ದನಿ ಕ್ಷೀಣವಾಗಿ ಬಂತು. "ನಿದ್ದೆ ಬರ್ತಿದೆ ಕಣೇ."

"ಮಲಗೋಕೆ ಬಿಡ್ಬೇಡ, ಮಾತಾಡಿಸು!" ಎಂದು ಅಪ್ಪ ಕೂಗಿದರು.

ಅಮ್ಮಾ ಅಮ್ಮಾ ಎಂದು ಗೋಗರೆದೆ. ಬೈದೆ. ನಿನ್ನ ಪುಳಿಯೋಗರೆ ಬಾಯಿಗಿಡೋಕಾಗಲಿಲ್ಲ ಎಂದೆ. ಅದಕ್ಕೂ ಅವಳು ರೇಗಲಿಲ್ಲ. ಒಳಗೆ ಓಡಿ, ಗೊಂಬೆಯ ಮೆಟ್ಟಿಲಿನಿಂದ ಅಜ್ಜಿ ಕೊಟ್ಟಿದ್ದ ಮಣ್ಣಿನ ಶೆಟ್ಟಿ-ಶೆಟ್ಟಮ್ಮ ಜೋಡಿಯಲ್ಲಿ ಶೆಟ್ಟಿಯನ್ನು ಅವನ ಡೊಳ್ಳುಹೊಟ್ಟೆ ಹಿಡಿದು ಎತ್ತಿಕೊಂಡು ಬಂದೆ.

"ನಿಮ್ಮಮ್ಮನ ಶೆಟ್ಟಿ ನನ್ನ ಕೈಲಿದ್ದಾನೆ. ಮಾತಾಡ್ತೀಯೋ, ಒಡೀಲೋ?"

ಒಳಗೆ ನಲ್ಲಿಯಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಶೆಟ್ಟಿಯನ್ನು ಗ್ರಿಲ್ಲಿಗೆ ಬೀಸಿ ಬಡಿದೆ. ತಲೆ ಹಾರಿ ಒಳಗೆ ಬಿತ್ತು.

"ಯಾವಳೇ ಅವಳು!" ಅಮ್ಮ ಗುಡುಗಿದಳು. "ನಮ್ಮಮ್ಮನ ಗೊಂಬೆ ಮುಟ್ಟಿದ್ರೆ ಕೈ ಕಡಿದ್ಬಿಡ್ತೀನಿ!"

ಅಪ್ಪನ ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಶೆಟ್ಟಮ್ಮನ್ನೂ ತಗೊಂಡ್ ಬಾ" ಎಂದರು.

ಶೆಟ್ಟಮ್ಮನನ್ನೂ ಒಡೆದೆ. ಅಮ್ಮ ನನ್ನ ವಂಶವನ್ನೆಲ್ಲ ಜಾಲಾಡಿದಳು, ಅದು ತನ್ನದೇ ವಂಶ ಎಂಬುದನ್ನೂ ಮರೆತು. ಆ ಬೈಗುಳ ಕೇಳುತ್ತ ಕೇಳುತ್ತ ಅಪ್ಪ ನಟ್ಟಿಗೆ ಸ್ಪ್ಯಾನರ್ ಕೂರಿಸಿ, ಸ್ವಲ್ಪ ಬಿಗಿಮಾಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಗಿಮಾಡಿದರು. ಕಿರ್ರೆಂದಿತು. ತುಕ್ಕು ಬೆರೆತ ಎಣ್ಣೆ ಗೋಡೆಯ ಮೇಲೆ ಇಳಿಯಿತು. ನಟ್ಟು ತಿರುಗಿತು.

ಇಬ್ಬರೂ ಸೇರಿ ಗ್ರಿಲ್ಲನ್ನು ಪಕ್ಕಕ್ಕೆ ಎಳೆದೆವು. ನಾನು ಒಳಗೆ ಧುಮುಕಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳದೇ ಸೆರಗಿನಿಂದ ಗಾಯ ಒತ್ತಿ ಹಿಡಿದೆ. ಅವಳು ಕೈಯೆತ್ತಿ ನನಗೆ ಹೊಡೆದಳು. ಅದರಲ್ಲಿ ಒಂದು ನೊಣ ಓಡಿಸುವಷ್ಟೂ ಬಲವಿರಲಿಲ್ಲ. ಆಮೇಲೆ ಅದೇ ಕೈಯಿಂದ ನನ್ನ ಕುತ್ತಿಗೆ ಹಿಡಿದುಕೊಂಡಳು.

"ನಿಲ್ಲಿಸ್ಬೇಡ್ವೇ, ಬೈತಾ ಇರು. ನೀನು ಸುಮ್ಮನಾದ್ರೆ ನಾನು ಹೋಗ್ಬಿಡ್ತೀನಿ ಅನ್ಸುತ್ತೆ."

ಬಾಯಿ ತೆರೆದೆ. ಅಳು ಬಂತೇ ಹೊರತು ಒಂದು ಬೈಗುಳವೂ ಬರಲಿಲ್ಲ. ಅಷ್ಟರಲ್ಲಿ ಕಿಟಕಿಯಿಂದ ಅಪ್ಪ ಶುರು ಮಾಡಿದರು. ಮದುವೆಯಾದಾಗಿನಿಂದ ಅವಳಿಗೆ ಎದುರಾಡದಿದ್ದ ಮನುಷ್ಯ, ಅವಳ ತವರಿನವರ ಜಿಪುಣತನದಿಂದ ಹಿಡಿದು ಅವಳು ಬಳಿದ ಪೇಂಟಿನವರೆಗೆ ಒಂದೊಂದನ್ನೂ ಎತ್ತಿ ಎತ್ತಿ ಬೈದರು. ಆಂಬುಲೆನ್ಸ್ ಬರುವವರೆಗೂ ಅವರು ನಿಲ್ಲಿಸಲಿಲ್ಲ. ಅಮ್ಮ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು.