ಎರಡು ಹೊಟ್ಟೆಗಳ ಒಂದು ಮಧ್ಯಾಹ್ನ

ಹೊಕ್ಕಳ ಸರಿಯುತ್ತದೆ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ರಾಣೆಬೆನ್ನೂರಿನ ಓಣಿಯಲ್ಲಿ ಯಾರಿಗಾದರೂ ಹೊಟ್ಟೆ ಕಡಿತ ಬಂದರೆ ಸಾಕು, ಭಾರ ಎತ್ತಿರಬೇಕು, ಹೊಕ್ಕಳ ಸರಿದಿರಬೇಕು ಎಂದು ಔಡಲ ಎಣ್ಣೆ ಹಚ್ಚಿ ತಿಕ್ಕಿಸುತ್ತಿದ್ದರು. ಹೊಕ್ಕಳ ಎಲ್ಲಿಗೂ ಸರಿಯುವುದಿಲ್ಲ. ಅದು ಹುಟ್ಟಿದ ದಿನದ ಗಾಯದ ಗುರುತು, ಅಷ್ಟೇ. ಇದನ್ನು ಎಷ್ಟು ಭಾಷಣಗಳಲ್ಲಿ ಹೇಳಿದ್ದೇನೋ ನನಗೇ ನೆನಪಿಲ್ಲ. ಈಗ ನಾನು ಬರೆಯುತ್ತಿರುವುದನ್ನು ಓದಿ ನನ್ನ ವಿದ್ಯಾರ್ಥಿಗಳು ನಕ್ಕರೆ ನಗಲಿ, ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕರುಳು ಹೇಗೆ ಚಲಿಸುತ್ತದೆ, ಯಾಕೆ ನಿಲ್ಲುತ್ತದೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊಲದ ಕರುಳಿನ ಒಂದು ತುಂಡನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ತೂಗುಬಿಟ್ಟು ನೋಡಿದ್ದೆ. ದೇಹವಿಲ್ಲ, ಮಿದುಳಿಲ್ಲ, ಆದರೂ ಅದು ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತ ಬಿಡುತ್ತ ಇತ್ತು. ಊಟದ ಹೊತ್ತು ಮೀರಿದರೂ ನಾನು ಅದರ ಮುಂದೆ ಕೂತಿದ್ದೆ. ಆವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಅಣ್ಣ ಅಂಗಡಿಗೆ ಬಂದವರಿಗೆಲ್ಲ "ಇಕಿ ನಮ್ಮ ತಂಗಿ, ಗ್ಯಾಸಿನ ಡಾಕ್ಟರ್" ಎಂದು ನನ್ನನ್ನು ಪರಿಚಯಿಸುತ್ತಿದ್ದ. ಡಾಕ್ಟರ್ ಅಲ್ಲ, ವಿಜ್ಞಾನಿ ಎಂದು ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾದೆ.

ಒಂಬತ್ತು ವರ್ಷದ ಹಿಂದೆ, ಬಿಸಿಲು ಏರುವ ದಿನಗಳಲ್ಲಿ, ಆ ಅಣ್ಣನದೇ ಕರುಳು ತಿರುಚಿಕೊಂಡಿತು. ಹಾವೇರಿಯ ಒಂದು ಆಸ್ಪತ್ರೆಯಲ್ಲಿ ತುರ್ತಾಗಿ ಹೊಟ್ಟೆ ಕೊಯ್ದು ಸರಿಮಾಡಿದರು. ನಾನು ರೈಲು ಹಿಡಿದು ಬಂದೆ. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಗಿತ್ತು. ಆದರೆ ಹೊಟ್ಟೆ ಕೊಯ್ದ ಮೇಲೆ ಕರುಳು ಒಂದೆರಡು ದಿನ ಮುನಿಸಿಕೊಂಡು ಮಲಗುತ್ತದೆ, ಅದು ಎದ್ದಿದೆ ಎನ್ನುವುದಕ್ಕೆ ಮೊದಲ ಗುರುತು ರೋಗಿ ಹೂಸು ಬಿಡುವುದು. ನಗಬೇಡಿ, ಆಸ್ಪತ್ರೆಯಲ್ಲಿ ಅದಕ್ಕಾಗಿ ದೇವರಿಗೆ ಹರಕೆ ಹೊರುವವರನ್ನು ನಾನು ನೋಡಿದ್ದೇನೆ. ಅಣ್ಣನದು ಎರಡಲ್ಲ, ಐದು ದಿನವಾದರೂ ಏಳಲಿಲ್ಲ. ಮೂಗಿನಲ್ಲಿ ನಳಿಕೆ, ಉಬ್ಬಿದ ಹೊಟ್ಟೆ. ಸ್ಟೆಥಸ್ಕೋಪ್ ಇಟ್ಟರೆ ಒಳಗೆ ಏನೂ ಕೇಳುತ್ತಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಸರ್ಜನ್ ನನ್ನನ್ನು ಹೊರಗೆ ಕರೆದರು. ಸಂಜೆ ಆರರವರೆಗೆ ನೋಡುತ್ತೇನೆ, ಇಲ್ಲದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು ಎಂದರು. ಅಣ್ಣನ ಹೃದಯ ಮೊದಲೇ ದುರ್ಬಲ. ಅರಿವಳಿಕೆ ಕೊಡುವ ಡಾಕ್ಟರು ಮುಚ್ಚುಮರೆಯಿಲ್ಲದೆ, ಎರಡನೇ ಸಲ ಇವರು ಮೇಜಿನಿಂದ ಎದ್ದು ಬರುತ್ತಾರೆ ಎಂದು ನಾನು ಹೇಳಲಾರೆ ಎಂದರು. ಇಡೀ ಜನ್ಮ ಕರುಳಿನ ಚಲನೆ ಓದಿದವಳು ಒಬ್ಬ ಅಣ್ಣನ ಕರುಳಿನ ಮುಂದೆ ಕೈಕಟ್ಟಿ ಕೂತಿದ್ದೆ. ನನ್ನ ಓದಿನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ನನ್ನ ಹತ್ತಿರ ಒಂದು ಸಣ್ಣ ಯಂತ್ರವಿತ್ತು. ಹೊಟ್ಟೆಯ ಚರ್ಮದ ಮೇಲೆ ಅಂಟುಬಿಲ್ಲೆ ಹಚ್ಚಿದರೆ ಜಠರದ ಲಯವನ್ನು ಅಲೆಗಳಾಗಿ ಬರೆದಿಡುತ್ತದೆ. ಆರೋಗ್ಯವಂತರಲ್ಲಿ ನಿಮಿಷಕ್ಕೆ ಮೂರು ಅಲೆ ಬರುತ್ತವೆ. ಸರ್ಜನ್ ಅವರ ಒಪ್ಪಿಗೆ ಪಡೆದು ಗಾಯದ ಪಟ್ಟಿಯ ಪಕ್ಕದಲ್ಲಿ ಅಣ್ಣನಿಗೆ ಹಚ್ಚಿದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ: ರೋಗಿಯ ಜೊತೆ ಆರೋಗ್ಯವಂತ ಒಬ್ಬರಿಗೂ ಹಚ್ಚಬೇಕು, ಯಂತ್ರ ಸರಿಯಿದೆ ಎಂದು ತಿಳಿಯುವುದಕ್ಕೆ. ಬೇರೆ ಯಾರೂ ಇರಲಿಲ್ಲವಾದ್ದರಿಂದ ನನಗೇ ಹಚ್ಚಿಕೊಂಡಿದ್ದೆ. ಕೆಂಪು ತಂತಿ ಅಣ್ಣನದು, ನೀಲಿ ನನ್ನದು. ಅಣ್ಣನ ಗೆರೆ ಚಪ್ಪಟೆಯಾಗಿತ್ತು. ನನ್ನದು ಎಂದಿನಂತೆ, ಪ್ರತಿ ಮೂರನೇ ಅಲೆಯ ಇಳಿಜಾರಿನಲ್ಲಿ ಒಂದು ಪುಟ್ಟ ಗಂಟಿನೊಂದಿಗೆ ಓಡುತ್ತಿತ್ತು. ಆ ಗಂಟು ನನ್ನ ಹುಟ್ಟುಗುಣ. ಪ್ರಯೋಗಾಲಯದ ಹುಡುಗಿಯರು ಅದಕ್ಕೆ "ಮೇಡಂ ಗಂಟು" ಎಂದೇ ಹೆಸರಿಟ್ಟಿದ್ದರು.

ಮಧ್ಯಾಹ್ನ ಎರಡರ ಸುಮಾರಿಗೆ ಮಾಬೂಬಿ ಖಾಲಾ ಬಂದಳು. ರಾಣೆಬೆನ್ನೂರಿನಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿದ ಮನೆ ಅವಳದು. ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು, ಓಣಿಯ ಹೊಕ್ಕಳಗಳನ್ನೆಲ್ಲ ತಿಕ್ಕಿ ಕೂಡಿಸಿದವಳೂ ಅವಳೇ. ಎಂಬತ್ತರ ಹತ್ತಿರದ ಮುದುಕಿ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು, ಸೆರಗಿನಲ್ಲಿ ಎಣ್ಣೆಯ ಸೀಸೆ ಕಟ್ಟಿಕೊಂಡು. ನನಗೆ ನೋಡಿದ ಕೂಡಲೆ ಸಿಟ್ಟು ನೆತ್ತಿಗೇರಿತು.

"ಖಾಲಾ, ಹೊಲಿಗಿ ಹಾಕ್ಯಾರ. ಅವನ ಹೊಟ್ಟಿ ಮುಟ್ಟಬ್ಯಾಡ್ರಿ" ಎಂದೆ.

"ಗೊತ್ತೈತಿ ಬೇಟಿ. ನಾ ಏನ್ ಹುಚ್ಚಿ ಅಂದ್ಕೊಂಡಿ?" ಎಂದು ಅವಳು ಪಕ್ಕದ ಮಂಚ ತೋರಿಸಿದಳು. "ನೀ ಮಲಕೊ. ನಿನ್ನ ಹೊಟ್ಟಿ ತಿಕ್ಕತೇನಿ."

"ನನಗೇನಾಗೈತ್ರಿ?"

"ಏನೂ ಆಗಿಲ್ಲ. ಅದಕ್ಕ ನಿಂದ ತಿಕ್ಕೂದು. ಇಬ್ರೂ ಒಂದ ಹೊಟ್ಟ್ಯಾಗಿಂದ ಬಂದೀರಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ, ಐದು ದಿನದಿಂದ ಕಣ್ಣು ಮುಚ್ಚದ ಅಣ್ಣನ ಹೆಂಡತಿ, ನಮ್ಮ ವೈನಿ, ಮೂಲೆಯಿಂದ ಹೇಳಿದಳು: "ಮಲಕೊ. ನಿನ್ನ ಮಷಿನ್‌ನಿಂದ ಏನಾತು ಇಷ್ಟ ದಿನಾ?" ಆ ಮಾತು ನನಗೆ ಚುಚ್ಚಿತು. ನೋಡಿಕೊಳ್ಳಲು ಬಂದವರು ಮಲಗುವ ಆ ಕಿರಿದಾದ ಮಂಚದ ಮೇಲೆ ತಂತಿಗಳ ಸಮೇತ ಅಡ್ಡಾದೆ. ಬಿಲ್ಲೆಗಳು ಪಕ್ಕೆಲುಬಿನ ಕೆಳಗಿದ್ದವು, ಖಾಲಾ ಅವುಗಳ ಕೆಳಗೆ ಹೊಕ್ಕಳ ಸುತ್ತ ಅಂಗೈ ಊರಿ ನಿಧಾನವಾಗಿ ತಿರುಗಿಸತೊಡಗಿದಳು.

ಮುಂದಿನದನ್ನು ಹೇಗೆ ಹೇಳಬೇಕೋ ತಿಳಿಯದು. ಎಣ್ಣೆಯ ವಾಸನೆ, ವೈನಿಯ ಸೀರೆಗೆ ಹತ್ತಿದ ಮೆಣಸಿನಕಾಯಿ ಘಾಟು, ತಿರುಗುವ ಫ್ಯಾನು. ಕಿಟಕಿಯ ಹಳದಿ ಪರದೆ ಬಿಸಿಲು ಕುಡಿದು ಕೋಣೆಯೆಲ್ಲ ಹಳದಿಯಾಗಿತ್ತು. ಅಂಗೈ ಸುತ್ತುತ್ತಲೇ ಇತ್ತು, ಸುತ್ತುತ್ತ ಸುತ್ತುತ್ತ ಅದು ಒಂದೇ ಕೈಯೋ ಹಲವು ಕೈಗಳೋ ತಿಳಿಯದಾಯಿತು. ನಾನು ನಿದ್ದೆ ಮಾಡಿರಲಿಲ್ಲ, ಖಾಲಾಳ ಬಳೆ ಸದ್ದು ಕೇಳುತ್ತಲೇ ಇತ್ತು. ಆದರೆ ಮೆಲ್ಲಗೆ ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಉಗುಳು ನುಂಗಲು ಹೋದರೆ ಮೂಗಿನಿಂದ ಗಂಟಲವರೆಗೆ ಒಂದು ನಳಿಕೆ. ಹೊಟ್ಟೆಯ ನಡುವೆ ಹೊಲಿಗೆ ಬಿಗಿಯುತ್ತಿತ್ತು. ಕಣ್ಣು ತೆರೆದೆ. ಎರಡು ಮಾರು ಆಚೆ, ಕಿರಿದಾದ ಮಂಚದ ಮೇಲೆ, ನರೆತ ಕೂದಲಿನ ಒಬ್ಬ ಹೆಂಗಸು ಬಾಯಿ ತೆರೆದು ಮಲಗಿದ್ದಳು, ಮುದುಕಿಯೊಬ್ಬಳು ಅವಳ ಹೊಟ್ಟೆ ತಿಕ್ಕುತ್ತಿದ್ದಳು. ಪಾಪ, ಎಷ್ಟು ದಣಿದಾಳ ನನ್ನ ತಂಗಿ, ಎಂದು ನನಗೆ ಅನಿಸಿತು. ಹೌದು, ಹಾಗೆಯೇ ಅನಿಸಿತು. ಹೆದರಿಕೆ ಒಂದಿಷ್ಟೂ ಇರಲಿಲ್ಲ. ಬಹಳ ಹಿಂದೆ ಗೊತ್ತಿದ್ದ ಒಂದು ಬೆಚ್ಚನೆಯ ಜಾಗದಲ್ಲಿ ಮಲಗಿದ ಹಾಗಿತ್ತು.

ಆಮೇಲೆ ಒಂದು ಸದ್ದು. ಮೊದಲು ಹಿತ್ತಲ ಮೋರಿಯಲ್ಲಿ ನೀರು ಇಳಿದ ಹಾಗೆ, ಆಮೇಲೆ ಯಾರೂ ತಪ್ಪು ತಿಳಿಯಲಾಗದಷ್ಟು ಸ್ಪಷ್ಟವಾಗಿ. ಅಣ್ಣ ಹೂಸು ಬಿಟ್ಟಿದ್ದ, ಅದೂ ಬಾಗಿಲಾಚೆ ಹೋಗುತ್ತಿದ್ದ ನರ್ಸ್ ನಿಂತು ನೋಡುವಷ್ಟು. ವೈನಿ ಗೋಡೆಗೆ ಹಣೆ ಹಚ್ಚಿ ನಗುತ್ತ ಅಳುತ್ತ ನಿಂತಳು. ನಾನು ಮತ್ತೆ ನನ್ನ ಮಂಚದ ಮೇಲಿದ್ದೆ. ಖಾಲಾ ಕೈ ತೊಳೆದುಕೊಂಡು, "ರಾಣೆಬೆನ್ನೂರ ಬಸ್ ಎಷ್ಟಕ್ಕೈತಿ?" ಎಂದು ಕೇಳಿದಳು.

ಸಂಜೆ ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿ, ಒಂದೊಂದು ಚಮಚ ನೀರು ಕೊಡಿ ಎಂದು ಹೇಳಿ ಹೋದರು. ಐದು ದಿನಕ್ಕೂ ಕೆಲವೊಮ್ಮೆ ಹೀಗೆ ತಾನಾಗಿ ಏಳುತ್ತದೆ, ಅದರಲ್ಲಿ ಪವಾಡವೇನೂ ಇಲ್ಲ. ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ, ಯಂತ್ರ ಬರೆದದ್ದನ್ನು ನೋಡದೆ ಇದ್ದಿದ್ದರೆ.

ಖಾಲಾ ಕೈ ಇಟ್ಟ ಸ್ವಲ್ಪ ಹೊತ್ತಿಗೆ ನನ್ನ ಗೆರೆ ಚಪ್ಪಟೆಯಾಗಿತ್ತು. ಹೊಟ್ಟೆ ತಿಕ್ಕುವಾಗ ಗೆರೆ ಅಡ್ಡಾದಿಡ್ಡಿ ಗೀಚಬೇಕು, ಚಪ್ಪಟೆಯಾಗುವುದಂತೂ ಸಾಧ್ಯವೇ ಇಲ್ಲ. ಅದೇ ಕ್ಷಣಕ್ಕೆ ಅಣ್ಣನ ಗೆರೆ ಎದ್ದಿತ್ತು. ನಿಮಿಷಕ್ಕೆ ಮೂರು ಅಲೆ. ಪ್ರತಿ ಮೂರನೆಯದರ ಇಳಿಜಾರಿನಲ್ಲಿ ಒಂದು ಪುಟ್ಟ ಗಂಟು.

ತಂತಿಗಳನ್ನು ಹಿಡಿದು ಹಿಡಿದು ನೋಡಿದೆ. ಕೆಂಪು ಅಣ್ಣನ ಹೊಟ್ಟೆಯ ಮೇಲೆ, ನೀಲಿ ನನ್ನ ಮೇಲೆ, ಇದ್ದಲ್ಲೇ ಇದ್ದವು. ಆಮೇಲೆ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ತೋರಿಸಿದಾಗ ಅವರು, ನಿದ್ದೆಗೆಟ್ಟಿದ್ದಿರಿ, ತಂತಿ ಅದಲುಬದಲಾಗಿರಬೇಕು ಎಂದರು. ಬೆಳಿಗ್ಗೆಯಿಂದ ಸರಿಯಿದ್ದದ್ದನ್ನು ನಡುವೆ ಯಾರು ಬದಲಿಸಿದರು ಎಂದು ಕೇಳಿದೆ. ಅವರು ನನಗೆ ಒಂದು ತಿಂಗಳು ರಜೆ ಹಾಕಲು ಹೇಳಿದರು. ಖಾಲಾಳನ್ನೂ ಕೇಳಿದೆ. "ನಮ್ಮಮ್ಮ ಹಿಂಗ ಮಾಡತಿದ್ಲು, ನಾನೂ ಮಾಡಿದೆ. ಆರಾಮ ಆದ್ನಿಲ್ಲ? ಮತ್ಯಾಕ ಕೆದಕತಿ?" ಎಂದು ನನ್ನ ಕೈಗೆ ಚಹಾದ ಬಟ್ಟಲು ಕೊಟ್ಟಳು. ಮುಂದಿನ ವರ್ಷ ಅವಳು ತೀರಿಕೊಂಡಳು.

ಊರಿಂದ ಮರಳಿ ಪ್ರಯೋಗಾಲಯದಲ್ಲಿ ನನಗೆ ಮತ್ತೆ ಬಿಲ್ಲೆ ಹಚ್ಚಿದರು. ಅಲೆಗಳು ಬಂದವು, ನಿಧಾನವಾದ, ಅಗಲವಾದ ಅಲೆಗಳು. ಗಂಟಿರಲಿಲ್ಲ. ವಯಸ್ಸಾಯಿತಲ್ಲ ಮೇಡಂ ಎಂದು ಹುಡುಗಿಯರು ಚೇಷ್ಟೆ ಮಾಡಿದರು. ಇರಬಹುದು. ವಯಸ್ಸಿನಿಂದ ಹಾಗಾಗುತ್ತದೆ ಎಂದು ಎಲ್ಲಿಯೂ ಓದಿಲ್ಲವಾದರೂ, ಇರಬಹುದು.

ಇದನ್ನು ತೀರ್ಮಾನಿಸುವುದು ಒಂದು ತಾಸಿನ ಕೆಲಸ ಎಂದು ನಿಮಗೂ ಹೊಳೆದಿರಬೇಕು. ಅಣ್ಣನಿಗೆ ಇನ್ನೊಮ್ಮೆ ಬಿಲ್ಲೆ ಹಚ್ಚಿ, ಗಂಟು ಅವನಲ್ಲಿದೆಯೇ ಎಂದು ನೋಡಿದರೆ ಸಾಕು. ಪ್ರಯೋಗವನ್ನು ಎರಡನೇ ಸಲ ಮಾಡದವರನ್ನು ನಾನು ಎಷ್ಟು ಸಲ ಬೈದಿದ್ದೇನೆ. ವರ್ಷಕ್ಕೆರಡು ಸಲ ಬ್ಯಾಡಗಿಗೆ ಹೋಗುತ್ತೇನೆ, ಯಂತ್ರ ಚೀಲದಲ್ಲಿರುತ್ತದೆ. ಅಣ್ಣ ಈಗ ಎಪ್ಪತ್ತರವನು. ರೊಟ್ಟಿ, ಬದನೆಕಾಯಿ ಪಲ್ಯ ಹೊಡೆದು, ತೇಗಿ, ಗೋಡೆಗೆ ಒರಗಿ ಕೂತು ಅಂಗಿ ಮೇಲೆತ್ತುತ್ತಾನೆ.

"ನಿನ್ನ ಮಷಿನ್ ಹಚ್ಚಿ ನೋಡವಾ, ಹೆಂಗ ನಡದೈತಿ ಒಳಗ" ಎನ್ನುತ್ತಾನೆ.

"ಬ್ಯಾಟರಿ ಖಾಲಿ ಆಗೇತಿ ಅಣ್ಣಾ" ಎನ್ನುತ್ತೇನೆ.

ಹಿಂದಿನ ರಾತ್ರಿಯಷ್ಟೇ ಅದನ್ನು ಪೂರ್ತಿ ಚಾರ್ಜ್ ಮಾಡಿರುತ್ತೇನೆ.