ಹೆಂಗಸರ ಹಾಡಿಗೆ ಬೀಗ

ಮರುಭೂಮಿಯ ಒಂದು ಮೂಲನಿವಾಸಿಗಳ ಊರಿನಲ್ಲಿ, ಚಿತ್ರಶಾಲೆಯ ಹಿಂದಿನ ತಗಡಿನ ಕೋಣೆಯಲ್ಲಿ, ವಲ್ಮಾ ನಂಗಾಲ ಹದಿನಾಲ್ಕು ವರ್ಷದಿಂದ ತನ್ನ ಜನರ ನೆನಪುಗಳನ್ನು ಕಂಪ್ಯೂಟರಿನಲ್ಲಿ ಕಾಯುತ್ತಿದ್ದಳು. ಹಿಂದೆ ಬಿಳಿಯರು ಕೊಂಡೊಯ್ದಿದ್ದ ಫೋಟೊ, ಹಾಡು, ಕಥೆಗಳು ನಗರದಿಂದ ಒಂದೊಂದಾಗಿ ಮರಳಿ ಬರುತ್ತಿದ್ದವು. ಯಾವುದು ಎಲ್ಲರದು, ಯಾವುದು ಗಂಡಸರದು, ಯಾವುದು ಹೆಂಗಸರದು ಎಂದು ಹಿರಿಯರನ್ನು ಕೇಳಿ ವಿಂಗಡಿಸುವುದು ಅವಳ ಕೆಲಸ. ಯಾರಾದರೂ ತೀರಿಕೊಂಡರೆ ಪದ್ಧತಿಯಂತೆ ಅವರ ಮುಖ, ದನಿ ಎರಡನ್ನೂ ಮುಚ್ಚಿಡಬೇಕು. ಹಿರಿಯರು ಒಪ್ಪುವವರೆಗೆ ತೆರೆಯುವಂತಿಲ್ಲ.

ಆ ಚಳಿಗಾಲ ಅವಳ ತಾಯಿಯೇ ತೀರಿಕೊಂಡಳು. ತಾಯಿಯ ನಲವತ್ತೊಂದು ಫೋಟೊಗಳನ್ನು ವಲ್ಮಾ ತನ್ನ ಕೈಯಾರೆ ಮುಚ್ಚಿದಳು. ಅಂದಿನಿಂದ ಒಂದು ಕಡೆ ನಿಂತವಳಲ್ಲ. ಚಹಾ ಕಾಸುವಳು, ಕುಡಿಯುವುದನ್ನು ಮರೆತು ನಾಯಿಗಳನ್ನು ಗದರಲು ಹೊರಗೋಡುವಳು.

ಒಂದು ಬೆಳಿಗ್ಗೆ ನಗರದ ಸಂಗ್ರಹಾಲಯದ ಜಾಲತಾಣದಲ್ಲಿ, ಒಂದು ಹಾಡಿನ ಕೆಳಗೆ ತಾಯಿಯ ಹೆಸರು ಕಂಡಿತು. ಹೆಂಗಸರಷ್ಟೇ ಕೇಳಬೇಕಾದ ನೀರಿನ ಹಳ್ಳದ ಹಾಡು, ಯಾರು ಬೇಕಾದರೂ ಒತ್ತಿ ಕೇಳುವಂತೆ ಅಲ್ಲಿ ಬಿದ್ದಿತ್ತು. ಫೋನು ಮಾಡಿದಳು.

"ಅರ್ಜಿ ಹಾಕಿ ಮೇಡಂ, ಆರು ವಾರ ಆಗತ್ತೆ" ಎಂದ ಅಲ್ಲಿನ ಗುಮಾಸ್ತ.

ಆರು ವಾರ! ವಲ್ಮಾ ಕಾರು ಹತ್ತಿದಳು. ಕೆಂಪು ಮಣ್ಣಿನ ದಾರಿಯಲ್ಲಿ ಮೂರು ಗಂಟೆ ಓಡಿಸಿ, ಹೆಂಗಸರ ಹಾಡುಗಳಿಗೆ ಹಿರಿಯಳಾದ ತಾಯಿಯ ತಂಗಿ ಟಿಲ್ಲಿಯ ಮನೆ ಮುಟ್ಟಿ, ಅವಳನ್ನು ಕೂರಿಸಿಕೊಂಡು ಬಂದಳು.

"ಚಿಕ್ಕಮ್ಮ, ನಾನು ಮೊದ್ಲೇ ನೋಡ್ಬೇಕಿತ್ತು."

"ಅಳೋದು ಆಮೇಲೆ. ಫೋನ್ ಕೊಡಿಲ್ಲಿ" ಎಂದಳು ಟಿಲ್ಲಿ. ಗುಮಾಸ್ತ ಮತ್ತೆ ಆರು ವಾರ ಎಂದಾಗ ಅವಳು ದನಿ ಏರಿಸಲಿಲ್ಲ. "ನೋಡಪ್ಪ, ನಿಮ್ಮಜ್ಜಿ ಸ್ನಾನ ಮಾಡೋದನ್ನ ಬೀದೀಲಿ ಪರದೆ ಕಟ್ಟಿ ತೋರ್ಸಿದ್ರೆ ಆರು ವಾರ ಸುಮ್ನಿರ್ತೀಯಾ? ನೀನು ತೆಗೆಯೋವರ್ಗೂ ನಾನು ಫೋನ್ ಇಡಲ್ಲ. ನಂಗೇನೂ ಬೇರೆ ಕೆಲ್ಸ ಇಲ್ಲ."

ಅರ್ಧ ಗಂಟೆಯಲ್ಲಿ ಹಾಡು ಅಲ್ಲಿಂದ ಮಾಯವಾಯಿತು. ಅದರ ಒಂದು ಪ್ರತಿ ವಲ್ಮಾಳ ಬಳಿಗೆ ಬಂತು.

ಅದಕ್ಕೆ ಬೀಗ ಹಾಕುವ ಮೊದಲು ಹಿರಿಯಳೊಬ್ಬಳು ಕೇಳಲೇಬೇಕು. ಚಿತ್ರಶಾಲೆಯಲ್ಲಿದ್ದ ಗಂಡಸರನ್ನೆಲ್ಲ ಟಿಲ್ಲಿ ಆಚೆಗಟ್ಟಿ, ಹಾಡು ಹೊರಗೆ ಕೇಳದಂತೆ ದನಿ ತಗ್ಗಿಸಿ, ಬಾಗಿಲು ಹಾಕಿಕೊಂಡಳು. ಸತ್ತ ತಾಯಿಯ ದನಿ ಕೇಳಬಾರದ ವಲ್ಮಾ ಹೊರಗೆ ಕೋಣೆಯನ್ನು ಸುತ್ತಿದಳು, ಮತ್ತೆ ಸುತ್ತಿದಳು. ಒಳಗಿಂದ ಚಿಕ್ಕಮ್ಮ ಗೊಳ್ಳೆಂದು ನಕ್ಕದ್ದು ಕೇಳಿ ಕಂಗಾಲಾದಳು.

ಬಾಗಿಲು ತೆರೆಯಿತು. ಟಿಲ್ಲಿಯ ಕಣ್ಣು ಒದ್ದೆಯಾಗಿತ್ತು. "ಹಾಡ್ತಿರೋದು ನಿಮ್ಮಮ್ಮ ಅಲ್ಲ ಕಣೇ, ನಾನು! ಅವತ್ತು ರೆಕಾರ್ಡ್ ಮಾಡ್ಕೊಂಡ ಬಿಳಿಯೋನು ಹೆಸ್ರೇ ತಪ್ಪು ಬರ್ಕೊಂಡಿದಾನೆ. ನಾನು ಸಾಲು ತಪ್ಪಿದ್ದಕ್ಕೆ ಅವ್ಳು ಪಕ್ಕದಲ್ಲಿ ಕೂತು ನಗ್ತಿದಾಳೆ."

"ನಗು ಮಾತ್ರ ಕೇಳ್ಲಾ, ಚಿಕ್ಕಮ್ಮ?"

ಟಿಲ್ಲಿ ಕಣ್ಣೊರೆಸಿಕೊಂಡಳು. "ಈಗ್ಲೇ ಬೇಡ. ಸಮಯ ಬಂದಾಗ ನಾನೇ ಹೇಳ್ತೀನಿ. ಹಾಡು ಬೇಕಾ? ಅದಕ್ಕೆ ನಾನು ಬದ್ಕಿದೀನಲ್ಲ."

ವಲ್ಮಾ ತಾಯಿಯ ಹೆಸರು ಅಳಿಸಿ ಟಿಲ್ಲಿಯ ಹೆಸರು ಬರೆದಳು. 'ಹೆಂಗಸರಿಗೆ ಮಾತ್ರ' ಎಂದು ಸೇರಿಸಿ ಬೀಗ ಹಾಕಿದಳು. ಆಮೇಲೆ ಇಬ್ಬರೂ ಒಣಹೊಳೆಯ ಮರಳಿನ ಮೇಲೆ ಕುಳಿತರು. ಟಿಲ್ಲಿ ಹಾಡಿ ಕಲಿಸಿದಂತೆ ಸಂಜೆಯೊಳಗೆ ಮೂರು ಸಾಲು ವಲ್ಮಾಳ ಬಾಯಿಗೆ ಬಂದವು. ನಾಲ್ಕನೆಯದನ್ನೂ ಈಗಲೇ ಹೇಳಿಕೊಡು ಎಂದು ವಲ್ಮಾ ಪೀಡಿಸಿದಳು. "ಗಂಟಲು ಒಣಗಿದೆ, ಬಿಡೇ ಮಾರಾಯ್ತಿ" ಎಂದು ಬೈಯುತ್ತಲೇ ಟಿಲ್ಲಿ ಮತ್ತೆ ತಾಳ ಹಾಕತೊಡಗಿದಳು.